ನಮ್ಮ ಮನೆಯ ಬೋರ್ಡಿನ ಬಿ.ಎಸ್ಸಿ.

ಮಕ್ಕಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಲಿಲ್ಲವೆಂದು ಅಳುವ ತಂದೆಯರನ್ನು ನೀವು ನೋಡಿರುತ್ತೀರಿ. ಸಿಕ್ಕಿತಲ್ಲ ಎಂದು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು, ಸದ್ದು ಹೊರಗೆ ಕೇಳದಂತೆ ಅತ್ತವನು ಬಹುಶಃ ನಾನೊಬ್ಬನೇ.

ಮಗಳಿಗೆ ಸಿಕ್ಕಿದ್ದು ಅಂತಿಂಥ ಸೀಟಲ್ಲ. ಬಯೋಕೆಮಿಸ್ಟ್ರಿ ಮತ್ತು ಮಾಲಿಕ್ಯುಲರ್ ಬಯಾಲಜಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೈಯಲ್ಲಿರುವ ಕಾಫಿ ಆರಿಹೋಗುತ್ತದೆ. ನಾನು ಕೆಲಸ ಮಾಡುವ ಸಾಬೂನು ಕಾರ್ಖಾನೆಯಲ್ಲಿ ಈ ಸುದ್ದಿ ಹೇಳಿದಾಗ ನಮ್ಮ ಮೇಸ್ತ್ರಿ ಕಣ್ಣರಳಿಸಿದ.

"ಬಯ್ಯೋ ಕೆಮಿಸ್ಟ್ರೀನಾ? ಅದಕ್ಕೆ ವಿಶ್ವವಿದ್ಯಾಲಯ ಯಾಕ್ರೀ? ನಮ್ಮನೇಗೆ ಕಳಿಸಿ. ನಮ್ಮವಳು ಪುಕ್ಕಟೆ ಕಲಿಸ್ತಾಳೆ."

ನನ್ನ ಹೆಂಡತಿಯೂ ಆ ವಿಷಯದಲ್ಲಿ ಚಿನ್ನದ ಪದಕ ಪಡೆಯಬಲ್ಲವಳೇ. (ಈ ಬರಹ ಅವಳ ಕಣ್ಣಿಗೆ ಬಿದ್ದರೆ ಇದು ಹೊಗಳಿಕೆ ಎಂದು ದಯವಿಟ್ಟು ಸಾಕ್ಷಿ ಹೇಳಿ.) ನಾನು ಅತ್ತದ್ದಕ್ಕೆ ಕಾರಣ ಮಾತ್ರ ಬೇರೆ. ಅದು ನಮ್ಮ ಮನೆಯ ಬಾಗಿಲ ಪಕ್ಕದಲ್ಲೇ, ನಾಲ್ಕು ಸ್ಕ್ರೂಗಳ ಮೇಲೆ ಕೂತಿತ್ತು.

ಒಂದು ಬೋರ್ಡು. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ನನ್ನ ಹೆಸರು. ಅದರ ಮುಂದೆ, ಹೆಸರಿಗಿಂತ ತುಸು ದಪ್ಪವಾಗಿ, 'ಬಿ.ಎಸ್ಸಿ.'

ನಾನು ಕೊನೆಯ ವರ್ಷದ ಪರೀಕ್ಷೆ ಬರೆದು ಬಂದ ಹುಮ್ಮಸ್ಸಿನಲ್ಲಿ, ಫಲಿತಾಂಶಕ್ಕೆ ಎರಡು ವಾರ ಮೊದಲೇ ಆ ಬೋರ್ಡು ಬರೆಸಿದ್ದೆ. ಬೋರ್ಡು ಬಂತು. ಆಮೇಲೆ ಫಲಿತಾಂಶವೂ ಬಂತು. ಎರಡಕ್ಕೂ ತಾಳೆಯಾಗಲಿಲ್ಲ. ಎರಡರಲ್ಲಿ ಒಂದನ್ನು ಬಚ್ಚಿಡಬೇಕಾಗಿ ಬಂದಾಗ ಅಂಕಪಟ್ಟಿ ಹಗುರವಾಗಿತ್ತು. ಹಾಗಾಗಿ ಅದು ಟ್ರಂಕಿನ ಅಸ್ತರಿಯೊಳಗೆ ಹೋಯಿತು, ಬೋರ್ಡು ಗೋಡೆಗೆ ಹೋಯಿತು. ಕಾರ್ಖಾನೆಯವರು ಡಿಗ್ರಿ ಕೇಳಲೇ ಇಲ್ಲ, ಕೇಳದ್ದನ್ನು ನಾನೂ ಹೇಳಲಿಲ್ಲ. ಹೆಣ್ಣು ಕೊಡಲು ಬಂದ ಮಾವನವರು ಬೋರ್ಡನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿ, ಒಪ್ಪಿಕೊಂಡು ಹೋದರು.

ಬೋರ್ಡು ಹಾಕಿಕೊಂಡ ಮೇಲೆ ಅದರ ಮರ್ಯಾದೆ ಕಾಯಬೇಕಲ್ಲ! ಮೂರು ವರ್ಷದ ರಸಾಯನಶಾಸ್ತ್ರದಲ್ಲಿ ನನ್ನ ತಲೆಯಲ್ಲಿ ಉಳಿದಿದ್ದ ಪದ ಒಂದೇ ಒಂದು: ಆಕ್ಸಿಡೇಷನ್. ಮಗಳು ಚಿಕ್ಕವಳಿದ್ದಾಗಿಂದ ಏನೇ ಕೇಳಲಿ, ನಾನು ಕುರ್ಚಿಗೆ ಒರಗಿ, ಕಣ್ಣು ಅರೆಮುಚ್ಚಿ, ಅದೇ ಮಹಾಮಂತ್ರವನ್ನು ಉಚ್ಚರಿಸುತ್ತಿದ್ದೆ. ಹಾಲು ಯಾಕೆ ಮೊಸರಾಗುತ್ತೆ? ಆಕ್ಸಿಡೇಷನ್. ಹಿಟ್ಟು ಯಾಕೆ ಉಬ್ಬುತ್ತೆ? ಆಕ್ಸಿಡೇಷನ್. ಅಮ್ಮನಿಗೆ ಯಾಕೆ ಕೋಪ? ಅದೂ ಒಂದು ರೀತಿಯ ಆಕ್ಸಿಡೇಷನ್ನೇ ಮರಿ. ಹುಡುಗಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಆ ಜ್ಞಾನಧಾರೆಯಲ್ಲೇ ತೋಯ್ದು ಅವಳು ಈ ವಿಷಯ ಆರಿಸಿಕೊಂಡಳೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ.

ಈಗ ಬನ್ನಿ ಗೋಳಿನ ವಿಷಯಕ್ಕೆ. ಸೀಟಿನ ಜೊತೆ ಬಂದ ಮಾಹಿತಿ ಪುಸ್ತಿಕೆಯಲ್ಲಿ ಶುಲ್ಕದ ಪುಟ ನೋಡಿ ನಾವು ಮೂವರೂ ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆವು. ಅದರ ಮುಂದಿನ ಪುಟಗಳಲ್ಲಿ 'ಹಣಕಾಸು ನೆರವಿನ ಆಯ್ಕೆಗಳು' ಎಂದು ಸಾಲಾಗಿ ಕೊಟ್ಟಿದ್ದರು. ರಾತ್ರಿ ಒಬ್ಬನೇ ಓದುತ್ತ ಒಂಬತ್ತನೇ ಪುಟಕ್ಕೆ ಬಂದವನು ಪುಸ್ತಿಕೆ ಮುಚ್ಚಿ ಬಚ್ಚಲುಮನೆಗೆ ನಡೆದೆ. 'ಕುಟುಂಬದ ಮೊದಲ ಪದವೀಧರರ ನಿಧಿ. ತಂದೆ ತಾಯಿ ಇಬ್ಬರಲ್ಲಿ ಯಾರೂ ಪದವಿ ಪಡೆಯದಿದ್ದಲ್ಲಿ ಪೂರ್ತಿ ಶುಲ್ಕ ಮನ್ನಾ.'

ಹೆಂಡತಿ ಡಿಗ್ರಿಯ ತಂಟೆಗೆ ಹೋದವಳಲ್ಲ. ಅಡ್ಡಿ ಇದ್ದದ್ದು ನಾನು. ಅಂದರೆ ಬೋರ್ಡು.

ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂಬತ್ತನೇ ಪುಟವನ್ನು ಎದುರಿನ ಎಂಟನೇ ಪುಟಕ್ಕೆ ಗೋಂದು ಹಚ್ಚಿ ಅಂಟಿಸಿಬಿಟ್ಟೆ.

ಆಮೇಲೆ ಶುರುವಾಯಿತು ನನ್ನ ದಂಡಯಾತ್ರೆ. ಮೊದಲು ಪ್ರತಿಭಾ ವಿದ್ಯಾರ್ಥಿವೇತನ. ಮಗಳಿಗೆ ಒಂದೇ ಒಂದು ಅಂಕ ಕಡಿಮೆಯಾಗಿತ್ತು. "ಒಂದು ಅಂಕ ಅಲ್ವಾ ಸಾರ್" ಎಂದು ನಾನು ಗೋಗರೆದರೆ ಅಲ್ಲಿದ್ದಾತ "ನಿಮಗೆ ಒಂದು, ನಿಮ್ಮ ಹಿಂದೆ ನಿಂತಿರೋರಿಗೆಲ್ಲ ಒಂದೊಂದು" ಎಂದು ನನ್ನನ್ನು ದಾಟಿ ನೋಡಿದ. ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಶುಲ್ಕಕ್ಕೆ ವಜಾ ಮಾಡಿಕೊಳ್ಳುವ ಸೌಲಭ್ಯವೂ ಇತ್ತು, ಆದರೆ ಎರಡನೇ ವರ್ಷದಿಂದ. "ಮನೇಲಿ ಒಂದು ಲೋಟ ತೊಳೆದವಳಲ್ಲ, ಇನ್ನು ಅಲ್ಲಿ..." ಎಂದು ಹೆಂಡತಿ ಆ ಆಯ್ಕೆಯನ್ನು ಅಲ್ಲಿಗೇ ಮುಗಿಸಿದಳು. ಕಾರ್ಖಾನೆಯ ಕ್ಷೇಮನಿಧಿಗೆ ಅರ್ಜಿ ಹಾಕಿದೆ. ಅವರು ಸಭೆ ಸೇರಿ, ದೀರ್ಘವಾಗಿ ಚರ್ಚಿಸಿ, ಒಂದು ವರ್ಷಕ್ಕಾಗುವಷ್ಟು ಸಾಬೂನು ಮಂಜೂರು ಮಾಡಿದರು.

ಕೊನೆಗೆ ಬ್ಯಾಂಕು. ಸಾಲದ ಅಧಿಕಾರಿ ಒಳ್ಳೆಯ ಮನುಷ್ಯ, ಕೂರಲು ಹೇಳಿದ.

"ಮಾಲಿಕ್ಯುಲರ್ ಬಯಾಲಜಿ ಅಂದ್ರೆ ಏನು ಸಾರ್? ನೀವು ಬಿ.ಎಸ್ಸಿ. ಅಂತೆ, ಸ್ವಲ್ಪ ಹೇಳಿ. ಓದಿದ ಮೇಲೆ ಕೆಲಸ ಏನು ಅಂತ ಫಾರಂನಲ್ಲಿ ಬರೀಬೇಕು."

ನಾನು ಕುರ್ಚಿಗೆ ಒರಗಿದೆ. ಬೇರೆ ದಾರಿಯಿಲ್ಲದೆ ಕಣ್ಣು ಅರೆಮುಚ್ಚಿ, "ಮುಖ್ಯವಾಗಿ ಆಕ್ಸಿಡೇಷನ್" ಎಂದೆ. ಅವನು ಅದನ್ನು ಶ್ರದ್ಧೆಯಿಂದ ಬರೆದುಕೊಂಡ. ಒಂದು ವಾರದ ಮೇಲೆ ಅರ್ಜಿ ವಾಪಸು ಬಂತು. 'ಉದ್ಯೋಗದ ಸ್ವರೂಪ ಅಸ್ಪಷ್ಟ.'

ಶುಲ್ಕ ಕಟ್ಟಲು ಆರು ದಿನ ಉಳಿದಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಹೆಂಡತಿ ಮಾಹಿತಿ ಪುಸ್ತಿಕೆ ಹಿಡಿದುಕೊಂಡು ಬಂದಳು.

"ರೀ, ಇದ್ರಲ್ಲಿ ಏಳಾದ ಮೇಲೆ ಹತ್ತು ಬರುತ್ತಲ್ಲ, ಇದ್ಯಾವ ಲೆಕ್ಕ?"

"ಮುದ್ರಣದೋಷ ಕಣೇ."

"ಕೈಗೆ ಅಂಟಂಟಾಗುತ್ತೆ."

"ಅದು... ಕಾಗದ ಹಳೇದಾದ್ರೆ..."

"ಆಕ್ಸಿಡೇಷನ್ನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದಳು. ಕುದಿಯುವ ನೀರಿನ ಆವಿ ಹಿಡಿದು ಪುಟ ಬಿಡಿಸಿ, ಬಿಸಿಬಿಸಿಯಾಗಿ ತಂದು ನನ್ನ ಮುಂದಿಟ್ಟಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. "ಇದೊಂದು ನಮಗಲ್ಲ ಬಿಡಿ. ನೀವು ಬಿ.ಎಸ್ಸಿ. ಅಲ್ವಾ?" ಎಂದಳು. ಹೌದೆನ್ನಲು ಬಾಯಿ ತೆರೆದವನು ಪುಟಕ್ಕೆ ಉಳಿದಿದ್ದ ಗೋಂದು ಕೆರೆಯತೊಡಗಿದೆ.

ಅಷ್ಟರಲ್ಲಿ ಮಗಳು ಬಂದಳು. "ಅಪ್ಪ, ನೀನು ಇನ್ನು ಓಡಾಡ್ಬೇಡ. ನಾನು ಆರು ತಿಂಗಳ ಟೈಪಿಂಗ್ ಕೋರ್ಸ್ ಸೇರ್ಕೋತೀನಿ. ವಿಚಾರಿಸ್ಕೊಂಡು ಬಂದೆ. ಪರವಾಗಿಲ್ಲ, ಚೆನ್ನಾಗೇ ಇದೆ" ಎಂದಳು. ಚೆನ್ನಾಗೇ ಇದೆ ಎನ್ನುವಾಗ ಅವಳು ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು. ಅಡುಗೆಮನೆಯ ಕಪಾಟಿನಲ್ಲಿ ಮೊಸರಿನ ಐದು ಬಟ್ಟಲಿಟ್ಟು, ಒಂದೊಂದರ ಮೇಲೂ ಚೀಟಿ ಅಂಟಿಸಿ, ಗಂಟೆಗೊಮ್ಮೆ ಇಣುಕುವ ಹುಡುಗಿ ಅದು. ಒಂದು ಹಲಗೆಗಾಗಿ ನಾನು ಮಗುವನ್ನು ಟೈಪಿಂಗಿಗೆ ಕೂರಿಸುತ್ತಿದ್ದೆ.

"ನಾಳೆ ಎಲ್ಲರೂ ವಿಶ್ವವಿದ್ಯಾಲಯಕ್ಕೆ ಹೋಗೋಣ" ಎಂದೆ.

ನೆರವು ವಿಭಾಗದ ನಾಲ್ಕನೇ ಕೌಂಟರಿನಲ್ಲಿ ದಪ್ಪ ಗಾಜು. ಗಾಜಿನಲ್ಲಿ ಅಂಗೈಯಗಲದ ತೂತು. ಆಚೆ ಕಡೆ ಗುಮಾಸ್ತೆ, ಈಚೆ ಕಡೆ ನಾನು, ಹಿಂದೆ ಹೆಂಡತಿ ಮಗಳು, ಅವರ ಹಿಂದೆ ಸುಮಾರು ನಲವತ್ತು ಮಂದಿ ತಂದೆ ತಾಯಿಯರು.

"ತಂದೆ ಪದವೀಧರರಾ?" ಗುಮಾಸ್ತೆ ಕೇಳಿದಳು.

ನಾನು ತೂತಿಗೆ ಬಾಯಿಟ್ಟು ಪಿಸುಗುಟ್ಟಿದೆ.

"ಕೇಳಿಸ್ತಿಲ್ಲ, ಜೋರಾಗಿ ಹೇಳಿ."

"ಅಲ್ಲ... ಕೊನೇ ವರ್ಷದಲ್ಲಿ ಸ್ವಲ್ಪ..."

"ಇನ್ನೂ ಜೋರಾಗಿ!"

"ನಾನು ಫೇಲು!"

ಅದೇ ಕ್ಷಣಕ್ಕೆ ಇಡೀ ಸಭಾಂಗಣ ಮೌನವಾಗಿತ್ತು. ಅದೇನು ಅಷ್ಟೂ ಜನ ಒಟ್ಟಿಗೆ ಉಸಿರು ಹಿಡಿದಿದ್ದರೋ, ನನ್ನ ಗ್ರಹಚಾರವೋ. ಸಾಲಿನ ಕೊನೆಯಲ್ಲಿ ಯಾರೋ "ಪಾಪ" ಎಂದರು.

"ದಾಖಲೆ ಕೊಡಿ" ಎಂದಳು ಗುಮಾಸ್ತೆ.

"ಫೇಲಾಗಿದ್ದಕ್ಕೂ ದಾಖಲೆಯೇನಮ್ಮ?"

"ಮತ್ತೆ? ಫೇಲು ಅಂತ ಯಾರು ಬೇಕಾದ್ರೂ ಹೇಳ್ಬಹುದು. ಎಷ್ಟೋ ಜನ ಪಾಸಾದವರು ಬಂದು ಫೇಲು ಅಂತ ಸುಳ್ಳು ಹೇಳ್ತಾರೆ."

ನನ್ನ ಬದುಕಿನಲ್ಲಿ ಹೇಳಿದ ಏಕೈಕ ನಿಜಕ್ಕೆ ಸಾಕ್ಷಿಯಿಲ್ಲದೆ ಹೋಯಿತು! ಮದುವೆಯಾದ ಮೂರನೇ ವರ್ಷ ಟ್ರಂಕಿನಲ್ಲಿ ಕೈಯಾಡಿಸಿ ನೋಡಿದಾಗ ಅಂಕಪಟ್ಟಿ ಇರಲಿಲ್ಲ. ಇಲಿ ತಿಂದಿರಬೇಕೆಂದು ಒಳಗೊಳಗೇ ಆ ಇಲಿಗೆ ಕೃತಜ್ಞನಾಗಿದ್ದೆ. ಈಗ ಅದೇ ಇಲಿಯನ್ನು ಶಪಿಸುತ್ತ ನಿಂತೆ.

ಹಿಂದಿನಿಂದ ಒಂದು ಬಳೆಗೈ ನನ್ನ ಭುಜದ ಪಕ್ಕದಲ್ಲಿ ಮುಂದೆ ಬಂತು. ಕೈಯಲ್ಲಿ ಅಂಕಪಟ್ಟಿ. ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದಳು!

"ನಿನಗೆ... ಯಾವಾಗ..."

"ಮದುವೆಯಾದ ಎರಡನೇ ತಿಂಗಳು. ಟ್ರಂಕು ಒರೆಸೋವಾಗ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ಲಿ ಅಂತ ಕಾಯ್ತಿದ್ದೆ. ಇಪ್ಪತ್ತೆರಡು ವರ್ಷ ಆಯ್ತು" ಎಂದಳು ಹೆಂಡತಿ.

ತೂತಿನಿಂದ ಆಚೆ ಹೋದ ಅಂಕಪಟ್ಟಿಯನ್ನು ಮಗಳು ಗಾಜಿಗೆ ಮೂಗು ತಾಗಿಸಿ ಓದಿದಳು. "ರಸಾಯನಶಾಸ್ತ್ರ... ಎಂಟು? ನೂರಕ್ಕೆ ಎಂಟಾ ಅಪ್ಪ?"

(ಆ ಎಂಟೂ ಆಕ್ಸಿಡೇಷನ್ ಪ್ರಶ್ನೆಗೆ ಬಂದದ್ದು.) ನನಗೆ ನೆಲ ಬಿರಿದರೆ ಸಾಕೆನಿಸಿತು. ವಿಶ್ವವಿದ್ಯಾಲಯದವರು ನೆಲಕ್ಕೆ ಗಟ್ಟಿ ಕಲ್ಲು ಹಾಸಿದ್ದರು.

"ಕ್ಷಮಿಸು ಮರಿ. ನನ್ನ ಮಾತು ನಂಬಿಕೊಂಡು ನೀನು ಈ ವಿಷಯ ಆರಿಸ್ಕೊಂಡೆ" ಎಂದೆ.

ಅವಳು ನಕ್ಕೇಬಿಟ್ಟಳು. "ನಂಬಿಕೊಂಡು ಯಾರಪ್ಪ ಆರಿಸ್ಕೊಂಡಿದ್ದು? ಆರನೇ ಕ್ಲಾಸಿನ ಪರೀಕ್ಷೇಲಿ ಹಾಲು ಮೊಸರಾಗೋದು ಆಕ್ಸಿಡೇಷನ್ ಅಂತ ಬರೆದು ಸೊನ್ನೆ ತಗೊಂಡಿದ್ದೆ. ಆಮೇಲೆ ನೀನು ಏನು ಹೇಳಿದ್ರೂ ನಿಜ ಏನು ಅಂತ ಹುಡುಕೋದೇ ಅಭ್ಯಾಸ ಆಯ್ತು. ಹಾಗೇ ಇಲ್ಲಿಗೆ ಬಂದೆ. ಹೆಚ್ಚಿಟ್ಟ ಸೇಬು ಕಪ್ಪಾಗೋದು ಮಾತ್ರ ನೀನು ಸರಿಯಾಗಿ ಹೇಳಿದ್ದೆ. ಅದೂ ಅರ್ಧ. ಅಲ್ಲಿ ಕಿಣ್ವ ಅಂತ ಒಂದಿದೆ, ಅದನ್ನ ಬಿಟ್ಟಿದ್ದೆ."

ಗುಮಾಸ್ತೆ ಠಸ್ಸೆ ಒತ್ತಿದಳು. "ಮನೆ ಪರಿಶೀಲನೆಗೆ ಬರ್ತಾರೆ, ಮಂಜೂರಾತಿ ಬರೋವರೆಗೂ ಶುಲ್ಕ ಕಟ್ಬೇಕಾಗಿಲ್ಲ. ಪದವಿ ಗಿದವಿ ಬರೆದ ಬೋರ್ಡ್ ಇದ್ರೆ ಇಳಿಸಿಡಿ, ಸುಮ್ನೆ ಗೊಂದಲ" ಎಂದಳು. ಆಕೆಗೆ ಹೇಗೆ ಗೊತ್ತಾಯಿತೆಂದು ನಾನು ಹೆಂಡತಿಯ ಕಡೆ ನೋಡಿದೆ. ಅವಳು ಫ್ಯಾನ್ ನೋಡುತ್ತಿದ್ದಳು.

ಆ ದಿನವೇ ನನ್ನ ಕೈಯಾರೆ ಬೋರ್ಡು ಬಿಚ್ಚಿದೆ. ಅದು ಇದ್ದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಒಂದು ಚೌಕವಾಗಿ ಹೊಳೆಯುತ್ತಿತ್ತು. ಮೂರು ವಾರದ ಮೇಲೆ ಮಂಜೂರಾತಿ ಪತ್ರ ಬಂತು, ಪೂರ್ತಿ ಶುಲ್ಕ ಮನ್ನಾ. ಮಗಳು ಮನೆಯೆಲ್ಲ ಕುಣಿದಳು. ನಾನೂ ಒಂದು ಸುತ್ತು ಕುಣಿದೆ, ಎಷ್ಟಾದರೂ ನನ್ನ ವೈಫಲ್ಯಕ್ಕೆ ಸಿಕ್ಕ ಮನ್ನಣೆಯಲ್ಲವೇ!

ಭಾನುವಾರ ಬೆಳಿಗ್ಗೆ ಹೆಂಡತಿ ಎಲ್ಲಿಗೋ ಹೋಗಿ, ಕಾಗದ ಸುತ್ತಿದ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಬಿಚ್ಚಿದರೆ ಅದೇ ಬೋರ್ಡು. ನನ್ನ ಹೆಸರು ಅಳಿಸಿ ಮಗಳ ಹೆಸರು ಬರೆಸಿದ್ದಳು. ಮುಂದೆ, ಅದೇ ದಪ್ಪ ಅಕ್ಷರದಲ್ಲಿ, 'ಬಿ.ಎಸ್ಸಿ.'

"ಹೆಸರು ಮಾತ್ರ ಬದಲಾಯಿಸಿ ಅಂದೆ. ಡಿಗ್ರಿ ಹೊಸದರ ಹಾಗೇ ಇದೆ, ಒಂದ್ಸಲಾನೂ ಬಳಸಿಲ್ಲ" ಎಂದಳು.

ನನಗೆ ಸಾತ್ವಿಕ ಕೋಪ ಉಕ್ಕಿತು. "ಅವಳು ಇನ್ನೂ ಒಂದು ಕ್ಲಾಸಿಗೂ ಹೋಗಿಲ್ಲ! ಪಾಸಾಗೋಕೆ ಮುಂಚೇನೇ ಬೋರ್ಡ್ ಹಾಕ್ಕೊಳ್ಳೋದು ಮೋಸ ಅಲ್ವೇನೇ?"

ಮಾತು ಬಾಯಿಂದ ಬಿದ್ದುಹೋಗಿತ್ತು. ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡಿದರು. ನಾನು ಸ್ಟೂಲು ಎಳೆದುಕೊಂಡು, ಸ್ಕ್ರೂ ಡ್ರೈವರು ಹಿಡಿದು ಬಾಗಿಲಿಗೆ ಹೋದೆ.

ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಎದುರುಮನೆಯಾತ ಗೇಟಿಗೆ ಒರಗಿ ನಿಂತ. "ಏನ್ಸಾರ್, ನಿಮ್ಮ ಹೆಸರು ಕಾಣ್ತಿಲ್ಲ?"

"ಬಿಸಿಲಿಗೆ ಅಳಿಸಿಹೋಯ್ತು" ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹಳೆಯ ಚಟ, ಸ್ಟೂಲಿನ ಮೇಲೇ ಕಣ್ಣು ಅರೆಮುಚ್ಚಿದೆ. "ಮುಖ್ಯವಾಗಿ ಆಕ್ಸಿ..."

"ಅಲ್ಲ!" ಎಂದು ಒಳಗಿನಿಂದ ಎರಡು ಧ್ವನಿ ಒಟ್ಟಿಗೇ ಕೇಳಿಸಿತು.