ಹದಿನೆಂಟು ಇಂಚಿನ ಲ್ಯಾಪ್‌ಟಾಪ್ ಮತ್ತು ಉಡಚಮ್ಮನ ಬಾಗಿಲು

ಕನಕಗಿರಿಯ ‘ಮನೆಬಾಗಿಲಿಗೆ ನಲ್ಲಿ’ ತಾಂತ್ರಿಕ ಉಪಕಚೇರಿಗೆ ಮಂಜೂರಾಗಿ ಬಂದ ಲ್ಯಾಪ್‌ಟಾಪಿನ ಪರದೆಯು ಮೂಲೆಯಿಂದ ಮೂಲೆಗೆ ಹದಿನೆಂಟು ಇಂಚು ಇದೆ. ಇದು ಅಳೆದು ದೃಢಪಡಿಸಿದ ಸಂಗತಿ. ಅಳತೆಯ ಕಾಲಕ್ಕೆ ಮೂವರು ಸಾಕ್ಷಿದಾರರು ಹಾಜರಿದ್ದರು. ಟೇಪನ್ನು ಪಕ್ಕದ ಟೇಲರ್ ಅಂಗಡಿಯಿಂದ ತರಿಸಿ, ಅದೇ ದಿನ ಹಿಂದಿರುಗಿಸಲಾಯಿತು.

ಇಷ್ಟು ದೊಡ್ಡ ಪರದೆ ಏಕೆ ಎಂದು ಕೇಳುವವರಿಗೆ ಉತ್ತರ ಕಡತದಲ್ಲಿಯೇ ಇದೆ. ಯೋಜನೆಯ ಮೇಲಿನ ಸಭೆಯೊಂದರಲ್ಲಿ ಪಾರದರ್ಶಕತೆ ಹೆಚ್ಚಬೇಕು ಎಂದು ಠರಾವು ಆಯಿತು. ಪರದೆ ದೊಡ್ಡದಾದಷ್ಟೂ ಹೆಚ್ಚು ಜನರಿಗೆ ಕಾಣುತ್ತದೆ, ಹೆಚ್ಚು ಜನರಿಗೆ ಕಂಡಷ್ಟೂ ಪಾರದರ್ಶಕತೆ ಹೆಚ್ಚುತ್ತದೆ. ಆದ್ದರಿಂದ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ತರಿಸಲಾಯಿತು. ಇದರ ಚಾರ್ಜರ್ ಆಕಾರದಲ್ಲಿಯೂ ತೂಕದಲ್ಲಿಯೂ ಇಟ್ಟಂಗಿಯನ್ನು ಹೋಲುತ್ತದೆ.

ಲ್ಯಾಪ್‌ಟಾಪಿನ ಕೆಲಸ ಒಂದೇ. ನಲ್ಲಿಗಾಗಿ ಅರ್ಜಿ ಹಾಕಿದವರ ಊರಿಗೆ ಪರಿಶೀಲಕರು ಹೋಗಬೇಕು. ನಿಯಮ ಹನ್ನೊಂದರ ಪ್ರಕಾರ ‘ಅರ್ಜಿದಾರರು ತಮ್ಮ ಮನೆಯ ಬಾಗಿಲ ಮುಂದೆ ಉಪಸ್ಥಿತರಿರತಕ್ಕದ್ದು.’ ಲ್ಯಾಪ್‌ಟಾಪಿನ ಕ್ಯಾಮೆರಾದಿಂದ ಅವರ ಫೋಟೊ ತೆಗೆದು, ‘ಪರಿಶೀಲಿಸಲಾಗಿದೆ’ ಎಂಬ ಹಸಿರು ಗುಂಡಿ ಒತ್ತಬೇಕು. ಬಾಗಿಲು ಎಲ್ಲಿದೆ ಎಂಬುದನ್ನು ಯಂತ್ರವೇ ಆಕಾಶದಿಂದ ತಿಳಿದುಕೊಳ್ಳುತ್ತದೆ. ನಲ್ಲಿ ಅಲ್ಲಿಗೆ ಬರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆಯುವಂತಿಲ್ಲ. ಮೊಬೈಲು ಖಾಸಗಿ ಆಸ್ತಿ, ಖಾಸಗಿ ಆಸ್ತಿಗೆ ಪಕ್ಷಪಾತ ಇರುವ ಸಂಭವವಿದೆ.

ಪರಿಶೀಲಕಿ ಶಿವಲೀಲಾ ಅವರು ಮೊದಲ ದಿನವೇ ಒಂದು ತಪ್ಪು ಮಾಡಿದರು. ಲ್ಯಾಪ್‌ಟಾಪು ತಮ್ಮ ಸ್ಕೂಟಿಯ ಕಾಲಿಡುವ ಜಾಗದಲ್ಲಿ ಕೂಡುವುದಿಲ್ಲ, ಬೆನ್ನಿಗೆ ಹಾಕಿಕೊಳ್ಳಲು ಅಷ್ಟು ದೊಡ್ಡ ಬ್ಯಾಗು ಬೇಕು ಎಂದು ಲಿಖಿತ ಅರ್ಜಿ ಕೊಟ್ಟರು. ಬಾಯಿಮಾತಿನಲ್ಲಿ ಕೇಳಿದ್ದರೆ ಇಲ್ಲ ಎನ್ನಬಹುದಿತ್ತು, ಅಷ್ಟಕ್ಕೇ ಮುಗಿಯುತ್ತಿತ್ತು. ಬರೆದು ಕೇಳಿದ್ದರಿಂದ ಯೋಚಿಸಬೇಕಾಯಿತು.

ಉಪಕಚೇರಿಯ ಮುಖ್ಯಸ್ಥರಾದ ಸಹಾಯಕ ಅಭಿಯಂತರ ಪ್ರಭುರಾಜ ಅವರು ಕಚೇರಿಯ ಪೆನ್ನಿನಲ್ಲಿ ಮನೆಯ ಕಿರಾಣಿ ಚೀಟಿ ಬರೆಯದ ಮನುಷ್ಯ. ಅರ್ಜಿಯ ಅಂಚಿನಲ್ಲಿ ಅವರು ಬರೆದ ಷರಾ ಹೀಗಿದೆ: ‘ಒಯ್ಯಲು ಬರುವ ವಸ್ತುವಾದರೆ ಬ್ಯಾಗು ಏಕೆ? ಒಯ್ಯಲು ಬಾರದ ವಸ್ತುವಾದರೆ ಬ್ಯಾಗು ಏಕೆ? ಮೊದಲು ಇದು ಯಾವುದೆಂದು ತೀರ್ಮಾನವಾಗಲಿ.’

ತೀರ್ಮಾನಕ್ಕಾಗಿ ಒಯ್ಯುವಿಕೆ ನಿರ್ಣಯ ಸಮಿತಿ ರಚನೆಯಾಯಿತು. ಉಗ್ರಾಣ ನೋಡಿಕೊಳ್ಳುವ ಹಿರಿಯ ಗುಮಾಸ್ತ ವಿರೂಪಾಕ್ಷಪ್ಪನವರು ಅದರ ಏಕೈಕ ಸದಸ್ಯರು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದುರಿನ ಚಹಾದಂಗಡಿವರೆಗೆ ಹೋಗಿ ಬರುವುದೆಂದು ಪರೀಕ್ಷೆ ಗೊತ್ತಾಯಿತು. ಅವರು ಹೋದರು. ಅಂಗಡಿಯಲ್ಲಿ ಕುಳಿತರು, ಒಂದು ಚಹಾ ಕುಡಿದರು, ಒಂದು ಪ್ಲೇಟು ಮಂಡಾಳ ಒಗ್ಗರಣಿ ತಿಂದರು, ಇನ್ನೊಂದು ಚಹಾ ಕುಡಿದರು. ಸಂಜೆ ಅಂಗಡಿಯವನು ಲ್ಯಾಪ್‌ಟಾಪನ್ನು ತಂದು ಮುಟ್ಟಿಸಿದನು. ಸಮಿತಿಯ ವರದಿ ಎರಡೇ ಸಾಲಿನದು: ‘ಒಯ್ಯಲು ಬರುತ್ತದೆ. ತರಲು ಬರುವುದಿಲ್ಲ.’

ಎರಡನೇ ಪರೀಕ್ಷೆ ಬಸ್ಸಿನಲ್ಲಿ ನಡೆಯಿತು. ಶಿವಲೀಲಾ ಅವರು ಲ್ಯಾಪ್‌ಟಾಪನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಅರ್ಜಿದಾರರಿದ್ದ ನವಲಿ ಎಂಬ ಊರಿಗೆ ಹೊರಟರು. ತೊಡೆಯ ಮೇಲಿಟ್ಟರೆ ಮುಂದಿನ ಸೀಟಿನವರ ಕುತ್ತಿಗೆಗೆ ತಾಗುತ್ತಿತ್ತು. ಕಂಡಕ್ಟರ್ ಬಂದು ಅವರಿಗೆ ಉಚಿತ ಟಿಕೆಟ್ ಹರಿದುಕೊಟ್ಟು, ಸೀಟಿನತ್ತ ನೋಡಿದ.

“ಅಕ್ಕಾರ, ನಿಮಗೇನೋ ಫ್ರೀ ಐತ್ರಿ. ಇದಕ್ಕ ಆಧಾರ್ ಕಾರ್ಡ್ ಐತೇನು?”

ಇರಲಿಲ್ಲ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ಹಿಂದಿರುಗಿದರು.

ಈ ಎರಡೂ ವರದಿಗಳು ಪರಿಶೀಲನೆಯಲ್ಲಿ ಇರುವಾಗಲೇ ಮಾರ್ಚ್ ತಿಂಗಳು ಬಂದು, ಕಚೇರಿಯ ವಸ್ತುಗಳಿಗೆಲ್ಲ ನಂಬರು ಬರೆಸುವ ಕೆಲಸ ಎದ್ದಿತು. ಖುರ್ಚಿ, ಕಪಾಟು, ಕಸದ ಬುಟ್ಟಿ ಯಾವುದೂ ಬಿಳಿ ಬಣ್ಣದ ನಂಬರಿಲ್ಲದೆ ಇರುವಂತಿಲ್ಲ. ಪೇಂಟರ್ ರಾಜಾಸಾಬ ಅಕ್ಷರ ಬರೆಯುವುದರಲ್ಲಿ ಹೆಸರಾದವನು. ಅವನಿಗೆ ಸಣ್ಣ ಅಕ್ಷರ ಬರೆಯಲು ಮನಸ್ಸಾಗುವುದಿಲ್ಲ. ಲ್ಯಾಪ್‌ಟಾಪು ಮೇಜಿನ ಅಂಚಿಗೆ ತೆರೆದು ನಿಂತಿತ್ತು. ಅದರ ಬೆನ್ನಿನ ಮೇಲೆ ‘ಮ.ನ.ತಾಂ.ಉ.ಕ./ಕನಕಗಿರಿ/’ ಎಂದು ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಉಳಿದ ‘ಗಣಕಯಂತ್ರ/ಸಂಖ್ಯೆ 1’ ಎಂಬುದನ್ನು ಅವನು ಅದರ ಕೆಳಗೆ, ಮೇಜಿನ ಮುಂಭಾಗದ ಹಲಗೆಯ ಮೇಲೆ ಬರೆದು ಮುಗಿಸಿದ. ಅಕ್ಷರ ಬಹಳ ಛಲೋ ಬಂದವು.

ಇದರಿಂದ ಕಾನೂನಿನ ಸ್ಥಿತಿ ಸ್ಪಷ್ಟವಾಯಿತು. ಲ್ಯಾಪ್‌ಟಾಪನ್ನು ಮೇಜಿನಿಂದ ಎತ್ತಿದರೆ ನಂಬರು ಎರಡು ತುಂಡಾಗುತ್ತದೆ. ಅರ್ಧ ನಂಬರಿನ ವಸ್ತು ದಾಸ್ತಾನಿನಲ್ಲಿ ಇರುವುದು ಸಾಧ್ಯವಿಲ್ಲ. ಮೇಜಿನ ಸಮೇತ ಒಯ್ಯುವುದಕ್ಕೆ ಅಡ್ಡಿ ಇರಲಿಲ್ಲ, ಆದರೆ ಮೇಜು ಬಾಗಿಲಲ್ಲಿ ಹಾಯುವುದಿಲ್ಲ. ಕಚೇರಿ ಕಟ್ಟುವಾಗ ಅದನ್ನು ಒಳಗಿಟ್ಟೇ ಗೋಡೆ ಎಬ್ಬಿಸಿದ್ದರು. ಪ್ರಭುರಾಜ ಅವರು ಕಡತದಲ್ಲಿ ‘ಲ್ಯಾಪ್‌ಟಾಪು ಸ್ಥಿರಾಸ್ತಿ’ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದರು. ಬ್ಯಾಗಿನ ಅರ್ಜಿ ವಿಲೇವಾರಿಯಾಯಿತು.

ನವಲಿಯ ಉಡಚಮ್ಮ ಬಂದದ್ದು ಇದಾದ ಮೂರನೇ ದಿನ.

ಉಡಚಮ್ಮನಿಗೆ ಅರವತ್ತರ ಮೇಲೆ ವಯಸ್ಸು. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಮೊಣಕಾಲು ಹೋಗಿವೆ. ಅವಳ ಓಣಿಯ ಆಚೆ ತುದಿಯವರಿಗೆ ನಲ್ಲಿ ಬಂದಿದೆ. ಈಚೆ ತುದಿಯವರಿಗೆ ಬಂದಿಲ್ಲ. ಊರ ಹೊರಗಿನ ತೊಟ್ಟಿಯಿಂದ ಅವಳು ದಿನಕ್ಕೆ ಎಂಟು ಕೊಡ ನೀರು ಹೊರುತ್ತಾಳೆ. ಅವಳ ಅರ್ಜಿ ಮಂಜೂರಾಗಿತ್ತು, ಪರಿಶೀಲನೆ ಮಾತ್ರ ಬಾಕಿ. ಮಾರ್ಚ್ ಮೂವತ್ತೊಂದರೊಳಗೆ ಹಸಿರು ಗುಂಡಿ ಒತ್ತದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೋದ ಹೆಸರು ಮತ್ತೆ ಬಂದ ಉದಾಹರಣೆ ಕಚೇರಿಯಲ್ಲಿ ಇಲ್ಲ.

ತಡ ಯಾಕೆಂದು ಅವಳು ಕೇಳಿದ್ದಕ್ಕೆ, ಲ್ಯಾಪ್‌ಟಾಪು ಒಯ್ಯಲು ಬಹಳ ದೊಡ್ಡದು ಎಂದು ಶಿವಲೀಲಾ ವಿವರಿಸಿದರು. ಉಡಚಮ್ಮ ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದಳು.

“ಎಷ್ಟು ವಜ್ಜಿ ಐತಿ ಯವ್ವ ಇದು?”

“ಚಾರ್ಜರ್ ಹಿಡದು ನಾಕೂವರಿ ಕೆಜಿ ಐತಬೇ.”

“ನನ್ನ ಕೊಡಾ ತುಂಬಿದ್ರ ಹದಿನೈದು ಕೆಜಿ ಆಗತೈತಿ. ಮುದುಕಿ ಅದೀನಿ, ದಿನಾ ಎಂಟು ಸಲ ಹೊರತೀನಿ. ಸಿಂಬಿ ತಂದೀನಿ, ತಲಿ ಮ್ಯಾಲ ಇಡು. ನಾನ ಒಯ್ತೀನಿ, ನಾನ ತಂದು ಕೊಡತೀನಿ.”

ವಿರೂಪಾಕ್ಷಪ್ಪನವರು ಕಿಟಕಿಯ ಹೊರಗೆ ನೋಡಿದರು. ಸಮಿತಿಯ ವರದಿ ಇದ್ದ ಕಡತವನ್ನು ಮೆಲ್ಲಗೆ ಮುಚ್ಚಿದರು.

ಪ್ರಭುರಾಜ ಅವರು ಕೋಪ ಮಾಡಿಕೊಳ್ಳುವವರಲ್ಲ. ಅವರು ಉಡಚಮ್ಮನನ್ನು ಕೂಡ್ರಿಸಿ, ನೀರು ತರಿಸಿಕೊಟ್ಟು, ಸ್ಥಿರಾಸ್ತಿ ಎಂದರೇನು ಎಂಬುದನ್ನು ತಿಳಿಸಿ ಹೇಳಿದರು. ಭೂಮಿ, ಭೂಮಿಯ ಮೇಲಿನ ಮರ, ಮನೆ, ಮತ್ತು ಈ ಲ್ಯಾಪ್‌ಟಾಪು. ಇವು ಇದ್ದಲ್ಲೇ ಇರುತ್ತವೆ. ಉಳಿದದ್ದೆಲ್ಲ ಚಲಿಸಬಹುದು.

ಉಡಚಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು. “ಬಾಗಿಲಾ?” ಎಂದಳು.

“ಏನು ಬಾಗಿಲ?”

“ಬಾಗಿಲಾ ಚಲಸತೈತೇನ್ರಿ ಸಾಹೇಬ್ರ?”

ಪ್ರಭುರಾಜ ಅವರು ನಿಯಮ ಪುಸ್ತಕ ತರಿಸಿದರು. ನಿಯಮ ಹನ್ನೊಂದನ್ನು ಎರಡು ಸಲ ಓದಿದರು. ಅರ್ಜಿದಾರರು ಮನೆಯ ಬಾಗಿಲ ಮುಂದೆ ಇರತಕ್ಕದ್ದು ಎಂದಿತ್ತು. ಬಾಗಿಲ ಹಿಂದೆ ಏನಿರತಕ್ಕದ್ದು ಎಂಬ ಬಗ್ಗೆ ನಿಯಮ ಮೌನವಾಗಿತ್ತು. ನಿಯಮ ಹೇಳಿದ್ದನ್ನು ಬಿಡುವುದೂ, ಹೇಳದ್ದನ್ನು ಸೇರಿಸುವುದೂ ಅವರ ಸ್ವಭಾವದಲ್ಲಿ ಇಲ್ಲ.

“ತರಬಹುದು. ಚೌಕಟ್ಟು ಸಹಿತ ಇರಬೇಕು. ಚೌಕಟ್ಟು ಇಲ್ಲದ್ದಕ್ಕ ಬಾಗಿಲ ಅನ್ನಂಗಿಲ್ಲ, ಹಲಗಿ ಅಂತಾರ.”

ಮಾರ್ಚ್ ಇಪ್ಪತ್ತೊಂಬತ್ತರಂದು, ಊರಿನ ಬಡಿಗೇರನು ಬಿಚ್ಚಿಕೊಟ್ಟ ಬಾಗಿಲು, ಚೌಕಟ್ಟು, ಹೊಸ್ತಿಲು ಜಿಲಾನಸಾಬನ ಟಂಟಂ ಆಟೊದಲ್ಲಿ ಕನಕಗಿರಿಗೆ ಬಂದವು. ಉಡಚಮ್ಮ ಮನೆಗೆ ಒಂದು ಹಳೆಯ ಸೀರೆ ಇಳಿಬಿಟ್ಟು ಬಂದಿದ್ದಳು. ಒಂದು ಬದಿಯನ್ನು ಕಚೇರಿಯ ಆವರಣದ ಬೇವಿನಮರಕ್ಕೆ ಆನಿಸಿ, ಕೆಳಗೆ ನಾಲ್ಕು ಕಲ್ಲು ಕೊಟ್ಟು, ಬಾಗಿಲನ್ನು ನಿಲ್ಲಿಸಲಾಯಿತು. ಅಂದು ಶುಕ್ರವಾರ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಹೊಸ್ತಿಲ ಪೂಜೆ ಆಗಿರಲಿಲ್ಲವಾದ್ದರಿಂದ ಅವಳು ಅಲ್ಲಿಯೇ ಕುಳಿತು ಅರಿಶಿಣ ಬಳಿದು, ಕುಂಕುಮ ಇಟ್ಟು, ಎರಡು ಹೂವು ಹಾಕಿದಳು. ಆ ಹೊತ್ತಿನಿಂದ ವಿರೂಪಾಕ್ಷಪ್ಪನವರು ಬೇವಿನಮರದ ಹತ್ತಿರ ಚಪ್ಪಲಿ ಬಿಟ್ಟು ಓಡಾಡತೊಡಗಿದರು.

ಪರಿಶೀಲನೆ ನಿಯಮಾನುಸಾರ ನಡೆಯಿತು. ಮೇಜು ಕಿಟಕಿಯ ಹತ್ತಿರವೇ ಇದ್ದುದರಿಂದ ಲ್ಯಾಪ್‌ಟಾಪನ್ನು ಕದಲಿಸುವ ಅಗತ್ಯ ಬೀಳಲಿಲ್ಲ, ಜಿಲಾನಸಾಬನೇ ಬಾಗಿಲನ್ನು ಅತ್ತ ಇತ್ತ ಸರಿಸಿ ಪರದೆಯೊಳಗೆ ಹಿಡಿಸಿದ. ಉಡಚಮ್ಮ ಸೆರಗು ಹೊದ್ದು ನಿಂತಳು. ಫೋಟೊ ಬಂತು. ಯಂತ್ರವು ಆಕಾಶದಿಂದ ಬಾಗಿಲ ಜಾಗವನ್ನು ತಿಳಿದುಕೊಂಡಿತು. ಶಿವಲೀಲಾ ಅವರು ಹಸಿರು ಗುಂಡಿ ಒತ್ತಿದರು. ಪರದೆ ದೊಡ್ಡದಿದ್ದುದರಿಂದ ‘ಪರಿಶೀಲಿಸಲಾಗಿದೆ’ ಎಂಬುದು ರಸ್ತೆಯಲ್ಲಿ ಹೋಗುವವರಿಗೂ ಕಂಡಿತು. ಪಾರದರ್ಶಕತೆಯ ಬಗ್ಗೆ ಇದ್ದ ಸಂದೇಹಗಳು ಅಂದಿಗೆ ನಿವಾರಣೆಯಾದವು.

ಉಡಚಮ್ಮ ಬಾಗಿಲನ್ನು ಟಂಟಂಗೆ ಏರಿಸಲು ಹೋದಾಗ ಪ್ರಭುರಾಜ ಅವರು ತಡೆದರು. ನಿಯಮ ಹದಿನಾಲ್ಕು: ‘ಪರಿಶೀಲನೆಗೊಂಡ ಬಾಗಿಲನ್ನು ನಲ್ಲಿ ಜೋಡಣೆಯಾಗುವವರೆಗೂ, ಆದ ನಂತರವೂ ಬದಲಾಯಿಸತಕ್ಕದ್ದಲ್ಲ, ಸ್ಥಳಾಂತರಿಸತಕ್ಕದ್ದಲ್ಲ.’ ಮನೆಗೆ ಬಾಗಿಲಿಲ್ಲದೆ ಹೇಗಿರಲಿ, ನಾಯಿ ನುಗ್ಗುತ್ತವೆ ಎಂದು ಅವಳು ಅಂದಳು. ನಾಯಿಯ ವಿಷಯ ಬೇರೆ ಇಲಾಖೆಗೆ ಬರುತ್ತದೆ ಎಂದು ಅವರು ತಿಳಿಸಿದರು. ಬಾಗಿಲ ಕಾಳಜಿಯನ್ನು ಮಾತ್ರ ಕಚೇರಿ ತೆಗೆದುಕೊಂಡಿತು. ರಾಜಾಸಾಬನನ್ನು ಕರೆಸಿ ಅದರ ಮೇಲೆ ನಂಬರು ಬರೆಸಲಾಯಿತು. ಈ ಸಲ ಜಾಗ ಸಾಲಿತು.

ಏಪ್ರಿಲ್ ಎರಡನೇ ವಾರದಲ್ಲಿ ಪೈಪಿನ ಕೆಲಸಗಾರರು ಬಂದರು. ಅವರ ಮುಖ್ಯಸ್ಥ ಅಸ್ಲಮನ ಮೊಬೈಲಿನಲ್ಲಿ ಫಲಾನುಭವಿಗಳ ಜಾಗಗಳು ಕೆಂಪು ಚುಕ್ಕಿಯಾಗಿ ಬಂದಿದ್ದವು. ಉಡಚಮ್ಮನ ಚುಕ್ಕಿ ಬೇವಿನಮರದ ಬುಡಕ್ಕೆ ಇತ್ತು. ಅವನು ಕೆಲಸ ಬಲ್ಲವನು. ಚುಕ್ಕಿಯ ಹತ್ತಿರ ಬಾಗಿಲು ಇದೆಯೇ ಎಂದು ನೋಡಿದ, ಇತ್ತು. ನಂಬರು ತಾಳೆಯಾಗುತ್ತದೆಯೇ ನೋಡಿದ, ಆಯಿತು. ಮನೆ ಇದೆಯೇ ಎಂದು ನೋಡುವ ಕಾಲಮ್ಮು ಅವನ ಮೊಬೈಲಿನಲ್ಲಿ ಇರಲಿಲ್ಲ. ಎರಡು ದಿನ ಅಗೆದು, ಹೊಸ್ತಿಲಿನ ಬಲಕ್ಕೆ ಸಿಮೆಂಟ್ ಕಟ್ಟೆ ಕಟ್ಟಿ, ನಲ್ಲಿ ಕೂಡಿಸಿ ಹೋದ.

ಹೀಗೆ ಉಡಚಮ್ಮನ ಮನೆಬಾಗಿಲಿಗೆ ನಲ್ಲಿ ಬಂದಿತು. ತಾಲ್ಲೂಕಿನಲ್ಲಿ ಅವಧಿಯೊಳಗೆ ಮುಗಿದ ಮೊದಲ ಪ್ರಕರಣ ಇದು. ಮೇಲಿನಿಂದ ಅಭಿನಂದನಾ ಪತ್ರ ಬಂತು. ಸುತ್ತೋಲೆಯೂ ಬಂತು: ‘ಹೊಸ ವರ್ಷದ ಪಟ್ಟಿಯಲ್ಲಿ ಪರಿಶೀಲನೆ ಬಾಕಿ ಇರುವ ಅರ್ಜಿದಾರರು ತಮ್ಮ ತಮ್ಮ ಬಾಗಿಲುಗಳೊಂದಿಗೆ ಕಚೇರಿ ವೇಳೆಯಲ್ಲಿ ಹಾಜರಾಗತಕ್ಕದ್ದು. ಕಿಟಕಿಗಳನ್ನು ತರಬಾರದು.’

ಉಡಚಮ್ಮ ಈಗ ದಿನಾಲೂ ಬೆಳಗಿನ ಬಸ್ಸಿಗೆ ಎರಡು ಕೊಡ ಹಿಡಿದು ಕನಕಗಿರಿಗೆ ಬರುತ್ತಾಳೆ. ಹೋಗಿ ಬರುವುದು ಉಚಿತ. ಕೊಡಗಳಿಗೆ ಆಧಾರ್ ಕಾರ್ಡನ್ನು ಕಂಡಕ್ಟರ್ ಕೇಳಿಲ್ಲ. ಬಾಗಿಲಿಗೆ ಅವಳು ಬೀಗ ಹಾಕಿದ್ದಾಳೆ. ಬಂದವಳು ಬೀಗ ತೆಗೆದು, ಬಾಗಿಲು ತೆರೆದು ಒಳಹೊಕ್ಕು, ಮನೆಯೊಳಗಿಂದ ಬಂದಂತೆ ಆ ಕಡೆಯಿಂದ ಹೊಸ್ತಿಲು ದಾಟಿ ಬಂದು ನೀರು ಹಿಡಿಯುತ್ತಾಳೆ. ಸುತ್ತ ಬಯಲಿದೆ, ಆದರೂ ಯಾರೂ ಸುತ್ತಿ ಹೋಗುವುದಿಲ್ಲ. ನೀರಡಿಕೆಯಾದಾಗ ವಿರೂಪಾಕ್ಷಪ್ಪನವರು ಕೂಡ ಬಾಗಿಲು ಬಡಿದು, “ಉಡಚಮ್ಮ, ಅದೀಯೇನಬೇ?” ಎಂದು ಕೇಳಿಯೇ ತಂಬಿಗೆ ಹಿಡಿಯುತ್ತಾರೆ. ಬೇವಿನ ನೆರಳಿನಲ್ಲಿ ಈಗ ಒಟ್ಟು ಹದಿನೇಳು ಬಾಗಿಲುಗಳಿವೆ. ಶಿವಬಸಮ್ಮನ ಹಸಿರು ಬಾಗಿಲು, ಹುಲಗೆಮ್ಮನ ತಗಡಿನ ಬಾಗಿಲು ಎದುರುಬದುರು ಬಂದು, ಯಾರ ನೀರು ಯಾರ ಅಂಗಳಕ್ಕೆ ಹರಿಯಿತು ಎಂಬ ಜಗಳವೂ ಒಂದೆರಡು ಸಲ ಆಗಿದೆ. ಅಂಚೆಯವನು ಪತ್ರಗಳನ್ನು ಇಲ್ಲಿಯೇ ಬಾಗಿಲ ಸಂದಿಗೆ ಸಿಕ್ಕಿಸಿ ಹೋಗುತ್ತಾನೆ.

ಹೋದ ವಾರ ಉಡಚಮ್ಮ ಕೊಡ ತುಂಬಿಟ್ಟು, ಸೀದಾ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು. ಅವಳು ದನಿ ಎತ್ತರಿಸಲಿಲ್ಲ.

“ಸಾಹೇಬ್ರ, ನಿಮ್ಮ ಮಷೀನು ಬರೂದಿಲ್ಲ ಅಂದ್ರಿ, ಬಾಗಿಲಾ ಬಂತು. ಬಾಗಿಲಾ ಹೋಗೂದಿಲ್ಲ ಅಂದ್ರಿ, ನಲ್ಲಿ ಬಂತು. ಇನ್ನ ಮನಿ ಒಂದ ಉಳದೈತಿ ನೋಡ್ರಿ ಅಲ್ಲಿ.”

ಮನೆ ಸ್ಥಿರಾಸ್ತಿ ಎಂದು ಹೇಳಲು ಪ್ರಭುರಾಜ ಅವರು ಬಾಯಿ ತೆರೆದರು. ಆದರೆ ಬಾಗಿಲಿಲ್ಲದ್ದಕ್ಕೆ ಮನೆ ಎನ್ನಬಹುದೇ ಎಂಬ ಪ್ರಶ್ನೆ ಅಷ್ಟರಲ್ಲಿ ಅವರಿಗೇ ಎದ್ದಿತು. ಅವರು ಹೊಸ ಕಡತ ತೆರೆದು, ತಮ್ಮ ಸ್ವಂತ ಪೆನ್ನನ್ನು ಬದಿಗಿಟ್ಟು ಕಚೇರಿಯ ಪೆನ್ನು ತೆಗೆದುಕೊಂಡು, ಒಂದೇ ಸಾಲು ಬರೆದು ಅವಳಿಗೆ ಓದಿ ಹೇಳಿದರು.

‘ಒಯ್ಯಲು ಬರುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವ ಸಲುವಾಗಿ, ಮನೆಯ ತೂಕ ತಿಳಿಸುವುದು.’

ಉಡಚಮ್ಮ ಆಗಲಿ ಎಂದಳು. ಹೊರಗೆ ಬಂದು, ಬೇವಿನಡಿಗೆ ಹದಿನೆಂಟನೆಯ ಬಾಗಿಲು ಇಳಿಸುತ್ತಿದ್ದ ಜಿಲಾನಸಾಬನಿಗೆ ವಿಷಯ ಹೇಳಿದಳು. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮನಸ್ಸಿನಲ್ಲಿಯೇ ಅವಳ ಮನೆಯ ಸುತ್ತ ಒಮ್ಮೆ ಹೋಗಿ ಬಂದ.

“ಮ್ಯಾಳಗಿ ಮಣ್ಣು ಬಿಟ್ಟು ನಾಕು ಟ್ರಿಪ್ ಆಗತೈತಬೇ,” ಎಂದ. “ಯಾವಾಗ ಹೊರಡೂಣು?”