ಸೊಸೆಯ ಜಾಡು

ನಮ್ಮ ಮಾವನವರು ಸೊಸೆ ತಂದದ್ದು ಮಗನಿಗಾಗಿ ಎಂದು ನೀವು ತಿಳಿದಿದ್ದರೆ, ನಮ್ಮ ಮದುವೆಗೆ ಬಂದು ಉಂಡುಹೋದ ಜನರೆಲ್ಲ ಹಾಗೆಯೇ ಮೋಸಹೋದರು ಬಿಡಿ. ಅವರು ಸೊಸೆ ತಂದದ್ದು ನಾಯಿಗಳಿಗಾಗಿ!

ಲಕ್ಷ್ಮೀಪುರಂನ ಆ ಮನೆಯಲ್ಲಿ ಟೈಗರ್, ಮೋತಿ ಎಂಬ ಎರಡು ನಾಯಿಗಳು. ಮಹಾರಾಜರ ಕಾಲದಿಂದ ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿದ್ದ ಮಾವನವರಿಗೆ, ಅವನ್ನು ವಾಸನೆ ಹಿಡಿದು ಜಾಡು ಹುಡುಕುವ ಸ್ಪರ್ಧೆಗೆ ತಯಾರು ಮಾಡುವ ಹುಚ್ಚು. ಮನೆಯವರೆಲ್ಲರ ವಾಸನೆ ನಾಯಿಗಳಿಗೆ ಹಳಸಿಹೋಗಿತ್ತಂತೆ, ಹೊಸದೊಂದು ಬೇಕಿತ್ತಂತೆ. ಸೇರು ಒದ್ದು ಒಳಗೆ ಬಂದ ನಾನು ಮಾರನೆಯ ಬೆಳಿಗ್ಗೆ ಚಪ್ಪಲಿ ಹುಡುಕಿದರೆ, ಅವು ದೊಡ್ಡ ಬಿಸ್ಕತ್ತಿನ ಡಬ್ಬಿಯೊಳಗೆ ಮುಚ್ಚಳ ಹಾಕಿಸಿಕೊಂಡು ಕುಳಿತಿದ್ದವು. ವಾಸನೆ ಆರಬಾರದಲ್ಲ! ಹೊಸ ಮದುವಣಗಿತ್ತಿ ಬರಿಗಾಲಿನಲ್ಲೇ ದೇವಸ್ಥಾನಕ್ಕೆ ಹೋಗಿಬಂದೆ.

ಈ ಜಾಡು ಹಿಡಿಯುವುದರಲ್ಲಿ ಎರಡು ಬಗೆ. ಒಂದರಲ್ಲಿ ನಾಯಿ ನೆಲಕ್ಕೆ ಮೂಗು ಹಚ್ಚಿ, ನಡೆದವರು ಎಲ್ಲಿ ತಿರುಗಿದರೋ ಅಲ್ಲೇ ತಿರುಗುತ್ತ ಹೋಗಬೇಕು. ಇನ್ನೊಂದರಲ್ಲಿ ತಲೆಯೆತ್ತಿ, ಗಾಳಿಯಲ್ಲಿ ಬರುವ ವಾಸನೆ ಹಿಡಿದು ನೆಟ್ಟಗೆ ಆಳನ್ನು ಹುಡುಕಿದರಾಯಿತು. ಟೈಗರ್ ಮೊದಲನೆಯದಕ್ಕೆ, ಮೋತಿ ಎರಡನೆಯದಕ್ಕೆ. ಆಳು? ಎರಡಕ್ಕೂ ನಾನೇ! ಬೆಳಗಾದರೆ ಮೈದಾನದಲ್ಲಿ ಸೊಟ್ಟಪಟ್ಟ ನಡೆದು, ಕರವಸ್ತ್ರ ಬೀಳಿಸಿ, ಮರದ ಹಿಂದೆ ಅಡಗಬೇಕು. ಒಮ್ಮೆ ಟೈಗರ್ ತಲೆಯೆತ್ತಿ ಅಡ್ಡದಾರಿ ಹಿಡಿದಾಗ, ಅದಕ್ಕೆ ಬುದ್ಧಿ ಕಲಿಸಲು ಮಾವನವರೇ ಮಂಡಿಯೂರಿ, ಕೈಯೂರಿ ನನ್ನ ಹೆಜ್ಜೆ ಮೂಸುತ್ತ ಬಂದರು. ಪೇಟ ಮಾತ್ರ ಅಲುಗಲಿಲ್ಲ. ನೋಡಿದವರು ಏನೆಂದುಕೊಳ್ಳಬೇಕು? ಆ ಮನೆಯ ಸೊಸೆ ದಿನಾ ಓಡಿಹೋಗುತ್ತಾಳೆ, ಮಾವ ನಾಯಿ ಬಿಟ್ಟು ಹುಡುಕಿಸುತ್ತಾರೆ ಎಂದು ಬೀದಿಯಲ್ಲೆಲ್ಲ ಸುದ್ದಿ. ಎದುರುಮನೆಯಾಕೆ ನನ್ನನ್ನು ಪಕ್ಕಕ್ಕೆ ಕರೆದು, ಗಂಡ ಹೊಡೆಯುತ್ತಾನೆಯೇ ಎಂದು ಮೆಲ್ಲಗೆ ವಿಚಾರಿಸಿದರು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ವಾಸನೆ ಕಲಬೆರಕೆಯಾಗುತ್ತದೆಂದು ನನಗೆ ಮಲ್ಲಿಗೆ ಬಂದ್! ಮೈಸೂರಿನಲ್ಲಿ, ಮದುವೆಯಾದ ಹೊಸದರಲ್ಲಿ, ಮಲ್ಲಿಗೆ ಇಲ್ಲದ ಜಡೆ! ಗಂಡನ ಹತ್ತಿರ ಅತ್ತರೆ, "ಸ್ಪರ್ಧೆ ಒಂದು ಮುಗಿದ್ಬುಡ್ಲಿ ಕಣೇ" ಎಂದರು. ನಾನು ಮಾವನವರೆಂಬ ಆ ದೊಡ್ಡ ಮನುಷ್ಯರ ಕಣ್ಣಿಗೆ ಸೊಸೆಯೋ, ಎರಡು ಕಾಲಿನ ವಾಸನೆಯೋ? ಊಟ ಮಾಡಿದೆಯಾ ಎಂದು ಅವರು ಒಂದು ದಿನವಾದರೂ ಕೇಳಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ದೇವರು ದೊಡ್ಡವನು, ಸ್ಪರ್ಧೆ ಆಷಾಢದಲ್ಲಿ ಬಂತು! ಮೊದಲ ಆಷಾಢಕ್ಕೆ ಸೊಸೆ ತವರಿನಲ್ಲಿರಬೇಕು. ಗಂಡನ ಮನೆಯವರು ಆ ಹೊಸ್ತಿಲು ತುಳಿಯಬಾರದು. ಜಾಡು ಹಾಕುವ ಆಳನ್ನೋ ಸ್ಪರ್ಧಿಯೇ ಕರೆತರಬೇಕು. ಆಷಾಢವನ್ನು ಈ ವರ್ಷಕ್ಕೆ ಮಾತ್ರ ಮುಂದಕ್ಕೆ ಹಾಕಲು ಬರುತ್ತದೆಯೇ ಎಂದು ಮಾವನವರು ಪಂಚಾಂಗ ನೋಡುವ ಅಯ್ಯನವರನ್ನು ಕೇಳಿಕೊಂಡು ಬಂದರು. ಅತ್ತೆ ಜಗ್ಗಲಿಲ್ಲ. ನಾನು ತವರೂರು ಕೆಸರೆಗೆ ಬಂದವಳೇ ಮೊಳಗಟ್ಟಲೆ ಮಲ್ಲಿಗೆ ಮುಡಿದೆ.

ಆಷಾಢ ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಬೇಲಿಯಾಚೆ ಪೇಟ ಕಾಣಿಸಿತು. ಮಾವನವರು ರಸ್ತೆಯಲ್ಲೇ ನಿಂತಿದ್ದರು, ಕೈಯಲ್ಲಿ ಟೈಗರ್‌ನ ಹಗ್ಗ. ಇಲ್ಲಿಗೂ ಬಂದರಲ್ಲ! ಅಭ್ಯಾಸಕ್ಕೆ ನನ್ನ ಬಟ್ಟೆ ಬೇಕಾಗಿರಬೇಕೆಂದು ಹಳೆಯ ಸೀರೆಯೊಂದನ್ನು ತಂದು ಬೇಲಿಯ ಮೇಲೆ ಎಸೆದೆ. ಅವರು ಅದನ್ನು ಮುಟ್ಟಲಿಲ್ಲ.

"ಸ್ಪರ್ಧೆ ಮುಗಿದೋಯ್ತು ಕಣಮ್ಮ. ನಾವು ಹೋಗ್ಲಿಲ್ಲ."

"ಮತ್ತೆ ಯಾಕೆ ಬಂದ್ರಿ ಮಾವ?"

ಅವರು ನಾಯಿಯ ಕಡೆ ನೋಡಿದರು. "ಇದು ನಿನ್ನ ಜಾಡು ಹಿಡಿದು ಎಳ್ಕೊಂಡು ಬಂದ್ಬುಡ್ತು."

ಎಂಥ ಸುಳ್ಳು! ನಾನು ಬಂದದ್ದು ಜಟಕಾದಲ್ಲಿ, ದಾರಿಯಲ್ಲಿ ಕಾಲು ನೆಲಕ್ಕೆ ತಾಗಿರಲೇ ಇಲ್ಲ. ಆಮೇಲೆ ಎಷ್ಟು ಮಳೆ ಸುರಿದಿತ್ತು! ಟೈಗರ್ ನನ್ನ ಕಡೆ ತಿರುಗಿಯೂ ನೋಡದೆ ಪಕ್ಕದ ಮನೆಯ ಕೋಳಿ ನೋಡುತ್ತಿತ್ತು. ಮಾವನವರ ಪಂಚೆಗೆ ಮೊಣಕಾಲವರೆಗೂ ಮಣ್ಣು ಮೆತ್ತಿತ್ತು. ಇಷ್ಟು ದೂರ ಆ ನಾಯಿಯನ್ನು ಅವರೇ ಎಳೆದುಕೊಂಡು ಬಂದಿದ್ದರು.

"ಮನೆ ಬಿಕೋ ಅಂತದೆ," ಎಂದರು, ರಸ್ತೆಯ ಕಡೆ ಮುಖಮಾಡಿ.

ಅವರು ಒಳಗೆ ಬರುವಂತಿರಲಿಲ್ಲ. ನಾನು ಎಲೆಗೆ ಬಡಿಸಿಕೊಂಡು ಹೊರಗೆ ತಂದೆ. ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಉಣ್ಣುತ್ತ, ನನ್ನನ್ನೊಮ್ಮೆ ನೋಡಿ, ಸೊರಗಿಹೋಗಿದ್ದೀಯಲ್ಲ ಎಂದರು. ತವರಿನ ತುಪ್ಪ ತಿಂದು ನಾನು ದಪ್ಪಗಾಗಿದ್ದೆ. ಹೌದು ಮಾವ, ಎಂದೆ.