ಮುದ್ದೆ ಅಗಿದ ಅಳಿಯ

ಕಾಲು ಮುರಿದು ಬಿದ್ದವನನ್ನು ಎತ್ತಲು ಜನ ಬರುತ್ತಾರೋ ಇಲ್ಲವೋ, ಹುಳಿತೇಗು ಬಂದವನಿಗೆ ಏನು ತಿನ್ನಬೇಕೆಂದು ಹೇಳಲು ಮಾತ್ರ ಊರಿಗೆ ಊರೇ ಓಡಿಬರುತ್ತದೆ. ನಾನೋ, ಯಾರು ಏನು ಹೇಳಿದರೂ ನಂಬುವ ಜಾತಿ. ಹಿರಿಯೂರಿನ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಮಾಡಿ, ಎಲ್ಲದಕ್ಕೂ "ಅಪ್ಪಣೆ ಸ್ವಾಮಿ" ಎಂದು ರುಮಾಲು ತಾನಾಗಿಯೇ ಬಾಗುವ ಅಭ್ಯಾಸ. ಬಾಣಂತಿ ಅಕ್ಕನ ಆರೈಕೆಗೆಂದು ನಮ್ಮಾಕೆ ಜವನಗೊಂಡನಹಳ್ಳಿಯ ತವರಿಗೆ ಹೋಗಿದ್ದಾಗ ನನಗೆ ಆ ಹಾಳು ತೇಗು ಹತ್ತಿಕೊಂಡಿತು.

ಪಂಡಿತರು ನಾಡಿ ಹಿಡಿದು, "ಪಿತ್ತ ಕೆರಳಿದೆ. ತುಪ್ಪ ತಿನ್ನಿ, ಮೊಸರು ಮುಟ್ಟಬೇಡಿ" ಎಂದರು. ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಮೊಸರು ತಿನ್ನಿ, ತುಪ್ಪ ಮುಟ್ಟಬೇಡಿ. ಏನೇ ತಿಂದರೂ ಬಾಯಲ್ಲಿ ನೀರಾಗುವವರೆಗೆ ಅಗಿಯಬೇಕು" ಎಂದರು. ಪಕ್ಕದ ಮನೆಯ ಶಿವಮ್ಮನಿಗೆ ಇಬ್ಬರ ಮೇಲೂ ನಂಬಿಕೆಯಿಲ್ಲ. "ಎರಡೂ ಬ್ಯಾಡ ಕಣಪ್ಪ, ಮುದ್ದೆನೂ ಬ್ಯಾಡ. ಬೇವಿನ ಸೊಪ್ಪು ಅರ್ದು ಕುಡಿ" ಎಂದಳು. ಯಾರ ಮನಸ್ಸೂ ನೋಯಬಾರದಲ್ಲ? ಮೂವರೂ ಬೇಡವೆಂದದ್ದನ್ನೆಲ್ಲ ಬಿಟ್ಟೆ. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಗಂಜಿ ನೀರು ಮತ್ತು ಬೇವು.

ಸಂತೆಗೆ ಬಂದ ಮಾವನವರು ನನ್ನನ್ನು ಕಂಡು ಹೌಹಾರಿದರು. "ಇದೇನ್ರಿ ಅಳಿಯಂದ್ರೆ, ಬರೀ ಕೋಟು ನಡ್ಕಂಡು ಬರ್ತೈತೆ, ಒಳಗೆ ಯಾರೂ ಇಲ್ವಲ್ರೀ!" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಊರಿಗೆ ಹೋದವರೇ ಹೇಳಿಕಳಿಸಿದರು: "ಕ್ಷಯ ಇದ್ರೂ ಇರಬೈದು. ಮೈ ನೆಟ್ಟಗಾಗೋ ತನ್ಕ ಮಗಳನ್ನ ಕಳ್ಸಲ್ಲ." ಅವಳ ಗೊಣಗಾಟವಿಲ್ಲದ ಮನೆ ನನಗೆ ಸಾಕುಸಾಕಾಗಿ ಹೋಗಿತ್ತು. ನಾಚಿಕೆಯೇನು ಬಂತು, ಹೇಳಿಯೇ ಬಿಡುತ್ತೇನೆ, ಅವಳಿಲ್ಲದೆ ನನಗೆ ದಿನ ಹೋಗುತ್ತಿರಲಿಲ್ಲ. ಮರುದಿನವೇ ಗಾಡಿ ಹತ್ತಿದೆ.

ಅತ್ತೆಯವರು ಎಲೆ ಹಾಕಿ ಬಿಸಿ ಮುದ್ದೆಯಿಕ್ಕಿ ಹುರುಳಿ ಸಾರು ಬಿಟ್ಟರು. ಇವತ್ತು ಉಂಡು ತೋರಿಸಿದರೆ ಹೆಂಡತಿ ಜೊತೆಗೆ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಶಿವಮ್ಮನನ್ನು ಮರೆತೆ. ಆದರೆ ಡಾಕ್ಟರನ್ನು ಮರೆಯಲಿಲ್ಲ, ಕೆಟ್ಟದ್ದು ಅಲ್ಲೇ. ನಮ್ಮ ಸೀಮೆಯಲ್ಲಿ ಹಲ್ಲು ಬರದ ಕೂಸಿಗೂ ಗೊತ್ತು, ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಗುಳುಂ ಎನಿಸಬೇಕು. ನಾನು ಅಗಿದೆ! ಅದು ಹಲ್ಲಿಗೆ ಮೆತ್ತಿತು, ಅಂಗುಳಕ್ಕೆ ಅಂಟಿತು, ಮೇಲಿನ ದವಡೆ ಕೆಳಗಿನ ದವಡೆಯನ್ನು ಬಿಡಲೊಲ್ಲದು. "ಸಾರು ಹೆಂಗೈತ್ರಿ?" ಎಂದು ಮಾವ ಕೇಳಿದರೆ "ಊಂ ಊಂ" ಎಂದೆ.

ಎದುರಿಗೆ ಕೂತಿದ್ದ ಮಾವನ ತಾಯಿ ಎದೆ ಬಡಿದುಕೊಂಡರು. "ಅಯ್ಯೋ ಶಿವನೇ, ಇವನಿಗೆ ನುಂಗಕ್ಕೂ ಆಗ್ತಿಲ್ವಲ್ಲೋ! ಹುಡುಗಿನ ಕಳಿಸಬ್ಯಾಡ!"

ಮಾವ ತಲೆಯ ಮೇಲೆ ಕೈ ಹೊತ್ತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮಾಕೆಗೆ ಕಣ್ಣು ತುಂಬಿತ್ತು. ಹಿರಿಯರಿದ್ದಾರೆಂದೂ ನೋಡದೆ, "ರೀ, ಅಗೀಬ್ಯಾಡ್ರಿ, ನುಂಗ್ರಿ!" ಎಂದು ಕೂಗಿಬಿಟ್ಟಳು.

ನುಂಗಿದೆ. ಆಹಾ! ಎಷ್ಟು ದಿನದ ಮೇಲೆ ಹೊಟ್ಟೆಗೆ ಬೆಚ್ಚಗಿನ ಭಾರವೊಂದು ಇಳಿಯಿತು! ಎರಡನೆಯ ಮುದ್ದೆಗೆ ತುಪ್ಪ ಹಾಕಿಸಿಕೊಂಡು ಡಾಕ್ಟರನ್ನು ಗೆದ್ದೆ. ಅನ್ನಕ್ಕೆ ಗಟ್ಟಿ ಮೊಸರು ಸುರಿಸಿಕೊಂಡು ಪಂಡಿತರನ್ನೂ ಗೆದ್ದೆ. "ಇಕ್ಕೇ, ಇನ್ನೊಂದು ಇಕ್ಕು!" ಎಂದು ಮಾವ ಎದ್ದುನಿಂತು ಅತ್ತೆಯನ್ನು ಅವಸರಪಡಿಸಿದರು. ಮಧ್ಯೆ ಒಂದು ತೇಗು ಬಂತು. ಎಲ್ಲರೂ ಕೈ ನಿಲ್ಲಿಸಿದರು. ಹುಳಿಯಿರಲಿಲ್ಲ! ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕು, "ಇವನಿಗೆ ರೋಗ ಎಲ್ಲೈತ್ರೋ, ಹಸಿವು ಕಣ್ರೋ!" ಎಂದರು.

ಸಂಜೆಯ ಗಾಡಿಯಲ್ಲಿ ನಮ್ಮಾಕೆ ನನ್ನ ಪಕ್ಕದಲ್ಲಿದ್ದಳು. ಹೊಟ್ಟೆ ಬಿಗಿದು ಕೂರಲೂ ಆಗದೆ ಒರಗಲೂ ಆಗದೆ ನಾನು ಗೆದ್ದ ಸರದಾರನಂತೆ ಘೋಷಿಸಿದೆ: "ಇನ್ನು ಮೇಲೆ ನನ್ನ ಊಟದ ವಿಷಯದಲ್ಲಿ ಯಾರ ಮಾತನ್ನೂ ಕೇಳೋದಿಲ್ಲ!"

"ಕೇಳಬ್ಯಾಡ್ರಿ" ಎಂದಳು. "ನಾನು ಇಕ್ಕಿದಷ್ಟು ಉಣ್ರಿ, ಸಾಕು ಅಂದಾಗ ಏಳ್ರಿ."

"ಅಪ್ಪಣೆ" ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಬಗ್ಗೆ ಎರಡು ಅಭಿಪ್ರಾಯಗಳಿಲ್ಲ. ಇರುವುದು ಒಂದೇ, ಅದೂ ನನ್ನದಲ್ಲ.